ಬಸ್ಕಿಗೆ ಬೇಕು ಗಟ್ಟಿ ನೆಲ

ನಿಮ್ಮ ಮನೆಯ ಹಿರಿಯರು ನೆಲದಿಂದ ಏಳುವಾಗ ಒಮ್ಮೆ ಗಮನವಿಟ್ಟು ನೋಡಿ. ಕೈಯನ್ನು ಎಲ್ಲಿ ಊರುತ್ತಾರೆ? ಮೊಣಕಾಲಿನ ಮೇಲೋ, ಗೋಡೆಗೋ, ಪಕ್ಕದಲ್ಲಿರುವ ಮೊಮ್ಮಗನ ಹೆಗಲಿಗೋ? ಐದು ಹೊತ್ತಿನ ಫರ್ಝ್ ನಮಾಝ್‌ಗಳಲ್ಲಿ 17 ರಕಅತ್‌ಗಳಿವೆ. ಲೆಕ್ಕ ಹಾಕಿ ನೋಡಿದರೆ ಫರ್ಝ್‌ಗಷ್ಟೇ ದಿನಕ್ಕೆ 17 ಸಲ ನೆಲದಿಂದ ಎದ್ದು ನಿಲ್ಲಬೇಕಾಗುತ್ತದೆ. ರಕಅತ್‌ಗಳ ನಡುವೆ 12 ಸಲ, ಸಲಾಮ್ ಹೇಳಿ ಜಾನಮಾಝ್ ಬಿಟ್ಟು ಏಳುವಾಗ 5 ಸಲ. ಸುನ್ನತ್, ನಫಿಲ್‌ಗಳ ಲೆಕ್ಕ ಬೇರೆ.

ನಮಾಝ್ ಒಂದು ಕಸರತ್ತು ಎಂದು ಹೇಳಲು ನಾನು ಹೊರಟಿಲ್ಲ. ಅದು ಇಬಾದತ್. ಆದರೆ ಆ 17 ಸಲ ಏಳುವ ಶಕ್ತಿ ಕಾಲಿನಲ್ಲಿ ಇರಬೇಕಲ್ಲವೇ? ಅದಿಲ್ಲದಾಗಲೇ ಕುರ್ಚಿ ಬರುವುದು. ಅಶಕ್ತರಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿಯನ್ನು ದೀನ್ ಕೊಟ್ಟಿದೆ, ಆ ಬಗ್ಗೆ ನನ್ನ ತಕರಾರಿಲ್ಲ. ಕುರ್ಚಿ ಬೇಡವಾಗಿದ್ದವರೂ ಕಾಲುಗಳನ್ನು ಬಳಸದೆ ಬಳಸದೆ ಕುರ್ಚಿಗೆ ಬಂದುಬಿಡುತ್ತಾರೆ, ಅದೇ ನನ್ನ ಚಿಂತೆ. ನಾನು ಫಿಸಿಯೋಥೆರಪಿಸ್ಟ್. ಇಂಥವರನ್ನು ದಿನವೂ ನೋಡುತ್ತೇನೆ. ಎರಡು ವರ್ಷದ ಹಿಂದೆ ನನ್ನ ತವರಿನಲ್ಲೇ ನೋಡಿದೆ.

ನನ್ನ ತವರು ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ. ಅಮ್ಮಿಗೆ ಆಗ 66 ವರ್ಷ. ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಗಂಟೆಗಟ್ಟಲೆ ಕಳೆ ಕೀಳುತ್ತಿದ್ದ ಹೆಂಗಸು. ಹಿಮ್ಮಡಿ ನೆಲ ಬಿಡುತ್ತಿರಲಿಲ್ಲ. ಮನೆ ಹೊಸದಾಗಿ ಕಟ್ಟಿಸಿದ ಮೇಲೆ ಅಡುಗೆ ನಿಂತು ಮಾಡುವಂತಾಯಿತು, ಪಾಯಖಾನೆಗೆ ಕಮೋಡ್ ಬಂತು, ಊಟಕ್ಕೆ ಟೇಬಲ್ ಬಂತು. ಹೊಲಕ್ಕೆ ಹೋಗುವುದನ್ನು ನಾವೇ ಬಿಡಿಸಿದೆವು. ನಾಲ್ಕೈದು ವರ್ಷದಲ್ಲಿ ಅಮ್ಮಿ ದಿನದಲ್ಲಿ ಮೊಣಕಾಲು ಪೂರ್ತಿ ಮಡಚುತ್ತಿದ್ದುದು ನಮಾಝ್‌ನಲ್ಲಿ ಮಾತ್ರ. ಕೊನೆಗೆ ಅಲ್ಲೂ ಪ್ಲಾಸ್ಟಿಕ್ ಕುರ್ಚಿ ಬಂತು. ಸುಖ ಕೊಡುತ್ತೇವೆಂದು ನಾವೇ ಅವರ ಕಾಲಿನ ಕೆಲಸವನ್ನೆಲ್ಲ ಒಂದೊಂದಾಗಿ ಕಸಿದುಕೊಂಡಿದ್ದೆವು.

ತೊಡೆಗೆ ಮತ್ತೆ ಬಲ ಬರಲಿ ಎಂದು ಬಸ್ಕಿ ಹೊಡೆಸಲು ತೀರ್ಮಾನಿಸಿದೆ. ಅಲ್ಲಿಯವರೆಗೆ ಸರಿ. ಹುಮನಾಬಾದ್‌ನಲ್ಲಿ ಜಿಮ್‌ಗೆ ಹೋಗುವ ನನ್ನ ಅಕ್ಕನ ಮಗ ಅರ್ಧ ಚೆಂಡಿನಂಥ ಒಂದು ರಬ್ಬರ್ ಸಾಧನ ತಂದುಕೊಟ್ಟ. ಬೋಸು ಬಾಲ್ ಎನ್ನುತ್ತಾರೆ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗಾಳಿ ತುಂಬಿದ ಗುಮ್ಮಟ. "ಖಾಲಾ, ಇದರ ಮೇಲೆ ಬಸ್ಕಿ ಹೊಡೆದರೆ ಕಾಲಿನ ಎಲ್ಲಾ ಸ್ನಾಯುಗಳೂ ದುಪ್ಪಟ್ಟು ಕೆಲಸ ಮಾಡುತ್ತವೆ" ಎಂದ. ಮೊಬೈಲಿನಲ್ಲಿ ವಿಡಿಯೋವನ್ನೂ ತೋರಿಸಿದ. ನನ್ನ ಓದು, ಅನುಭವ ಎಲ್ಲವನ್ನೂ ಬದಿಗಿಟ್ಟು ನಾನೂ ತಲೆಯಾಡಿಸಿದೆ. ಚೆಂಡಿನ ಮೇಲೆ ಬೇಡ, ಅಪಾಯ, ದಪ್ಪ ಫೋಮ್ ಗಾದಿಯ ಮೇಲೆ ಮಾಡಿಸೋಣ, ಬಿದ್ದರೂ ಪೆಟ್ಟಾಗದು, ಸ್ನಾಯುಗಳಿಗೂ ಹೆಚ್ಚು ಕೆಲಸ ಸಿಗುತ್ತದೆ ಎಂದುಕೊಂಡೆ. ಇಷ್ಟು ವರ್ಷದ ವೃತ್ತಿಯಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಇದೊಂದು.

ಮೂರು ವಾರ ಅಮ್ಮಿ ಗಾದಿಯ ಮೇಲೆ ಬಸ್ಕಿ ಹೊಡೆದರು. ಹೊಡೆದರು ಅನ್ನುವುದಕ್ಕಿಂತ ತೂಗಾಡಿದರು ಅನ್ನಬೇಕು. ಎರಡೂ ಕೈಗಳು ಕಿಟಕಿಯ ಸರಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತಿದ್ದವು. ನಾಲ್ಕು ಬೆರಳಿನಷ್ಟು ಬಗ್ಗಿ ಎದ್ದುಬಿಡುತ್ತಿದ್ದರು. "ಇದರ ಮ್ಯಾಲೆ ನಿಂತ್ರ ಜೀವಾನೇ ಕೈಯಾಗ ಬಂದಂಗ ಆಗ್ತದ ಬೇಟಾ" ಎಂದರು ಒಂದು ದಿನ. ಸಂಜೆ ಹೊತ್ತಿಗೆ ಅವರಿಗೆ ನೋಯುತ್ತಿದ್ದುದು ಮೀನಖಂಡ ಮತ್ತು ಸೊಂಟ. ತೊಡೆ ಹೇಗಿತ್ತೋ ಹಾಗೇ ಇತ್ತು.

ಆಗಲೇ ನಾನು ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಈ ವಿಷಯದಲ್ಲಿ ನಡೆದ ಅಧ್ಯಯನಗಳನ್ನು ಕೂತು ಓದಿದೆ.

ಸ್ನಾಯು ಕೆಲಸ ಮಾಡುವಾಗ ಅದರಲ್ಲಿ ಸಣ್ಣ ವಿದ್ಯುತ್ ಸಂಕೇತಗಳು ಹುಟ್ಟುತ್ತವೆ. ಚರ್ಮಕ್ಕೆ ಪುಟ್ಟ ಬಿಲ್ಲೆಗಳನ್ನು ಅಂಟಿಸಿ ಅವನ್ನು ಅಳೆಯುವ ವಿಧಾನಕ್ಕೆ ಇಎಂಜಿ ಎನ್ನುತ್ತಾರೆ. ಯಾವ ಸ್ನಾಯು ಎಷ್ಟು ಚುರುಕಾಗಿದೆ ಎಂಬುದು ಇದರಿಂದ ತಿಳಿಯುತ್ತದೆ. ಕಾಲು ನೆಲವನ್ನು ಎಷ್ಟು ಬಲದಿಂದ ಒತ್ತುತ್ತಿದೆ ಎಂಬುದನ್ನು ಅಳೆಯುವ ಉಪಕರಣ ಬೇರೆಯೇ ಇದೆ. ಈ ಎರಡನ್ನೂ ಇಟ್ಟುಕೊಂಡು ಗಟ್ಟಿ ನೆಲದ ಬಸ್ಕಿ ಮತ್ತು ಅಲುಗಾಡುವ ನೆಲದ ಬಸ್ಕಿಗಳನ್ನು ಹಲವರು ಹೋಲಿಸಿದ್ದಾರೆ.

2006ರಲ್ಲಿ ಅಮೆರಿಕದಲ್ಲಿ ಮೆಕ್‌ಬ್ರೈಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಬಸ್ಕಿಯ ಭಂಗಿಯಲ್ಲಿ ನಿಂತು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಒತ್ತುವಂತೆ ಗಂಡಸರಿಗೆ ಹೇಳಲಾಯಿತು. ಒಮ್ಮೆ ಗಟ್ಟಿ ನೆಲದ ಮೇಲೆ, ಒಮ್ಮೆ ಅಲುಗಾಡುವ ನೆಲದ ಮೇಲೆ. ಅಲುಗಾಡುವ ನೆಲದಲ್ಲಿ ಅವರ ಬಲ ಶೇ. 45ರಷ್ಟು ಕುಸಿಯಿತು. ತೊಡೆಯ ಮುಂಭಾಗದ ಎರಡು ಮುಖ್ಯ ಸ್ನಾಯುಗಳ ಚಟುವಟಿಕೆಯೂ ಶೇ. 34ರಿಂದ 37ರಷ್ಟು ಇಳಿಯಿತು. 2013ರಲ್ಲಿ ನಾರ್ವೆಯ ಸಂಶೋಧಕರು ಇದೇ ಬೋಸು ಬಾಲನ್ನೂ ಪರೀಕ್ಷೆಗೆ ಇಟ್ಟರು. ಗಟ್ಟಿ ನೆಲಕ್ಕೆ ಹೋಲಿಸಿದರೆ ಅದರ ಮೇಲೆ ಬಲ ಶೇ. 19ರಷ್ಟು ಕಡಿಮೆಯಾಯಿತು. ಇನ್ನೂ ಹೆಚ್ಚು ತೂಗಾಡುವ ಸಾಧನದ ಮೇಲೆ ಶೇ. 24ರಷ್ಟು. ಕಾಲಿನ ಬಹುತೇಕ ಸ್ನಾಯುಗಳ ಚಟುವಟಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ತೊಡೆಯ ಮುಂಭಾಗದ ಒಂದು ಸ್ನಾಯುವಂತೂ ಗಟ್ಟಿ ನೆಲದ ಮೇಲೆಯೇ ಹೆಚ್ಚು ಚುರುಕಾಗಿತ್ತು. ನನ್ನ ಭಾಂಜಾ ಹೇಳಿದ 'ದುಪ್ಪಟ್ಟು' ಎಲ್ಲೂ ಸಿಗಲಿಲ್ಲ.

ಹಾಗಾದರೆ ಅಲುಗಾಡುವ ನೆಲದಲ್ಲಿ ಏನೂ ಹೆಚ್ಚಾಗುವುದಿಲ್ಲವೇ? ಆಗುತ್ತದೆ. 2005ರಲ್ಲಿ ಕೆನಡಾದಲ್ಲಿ ಆಂಡರ್ಸನ್ ಮತ್ತು ಬೆಹ್ಮ್ ನಡೆಸಿದ ಅಧ್ಯಯನದಲ್ಲಿ, ಅಲುಗಾಡುವ ಬಿಲ್ಲೆಗಳ ಮೇಲೆ ಬಸ್ಕಿ ಹೊಡೆದಾಗ ಮೀನಖಂಡದ ಒಳಸ್ನಾಯು, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಹೆಚ್ಚು ದುಡಿದವು. ಅಮ್ಮಿಗೆ ನೋಯುತ್ತಿದ್ದುದೂ ಮೀನಖಂಡ ಮತ್ತು ಸೊಂಟವೇ ಎಂಬುದು ಇದನ್ನು ಓದಿದಾಗ ನೆನಪಾಯಿತು. ಮಳೆಗಾಲದಲ್ಲಿ ನಮ್ಮ ಕಡೆಯ ಎರೆಹೊಲದಲ್ಲಿ ನಡೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಲಿಗೆ ಸೇರುಗಟ್ಟಲೆ ಕೆಸರು ಅಂಟಿ, ಹೆಜ್ಜೆ ಅತ್ತಿತ್ತ ಜಾರುತ್ತಿರುವಾಗ ಸೋಯಾ ಹೊಲ ದಾಟಿ ಬಂದರೆ, ಮರುದಿನ ಮೊದಲು ಮಾತಾಡುವುದು ಮೀನಖಂಡ, ಆಮೇಲೆ ಸೊಂಟ.

ಕಾರಣ ಸರಳವಾಗಿದೆ. ಕಾಲಡಿಯ ನೆಲ ಅಲುಗಾಡಿದ ಕೂಡಲೇ ಮೆದುಳಿನ ಮೊದಲ ಚಿಂತೆ ಬೀಳದಿರುವುದು. ಅದು ಕೀಲಿನ ಹಿಂದಿನ ಮತ್ತು ಮುಂದಿನ ಸ್ನಾಯುಗಳನ್ನು ಒಟ್ಟಿಗೆ ಬಿಗಿಯುತ್ತದೆ. ಎರಡು ಎತ್ತುಗಳನ್ನು ಒಂದೇ ಬಂಡಿಗೆ ಎದುರುಬದುರು ಕಟ್ಟಿದ ಹಾಗೆ. ಎರಡೂ ಎಳೆಯುತ್ತವೆ, ಎರಡೂ ದಣಿಯುತ್ತವೆ, ಬಂಡಿ ಮಾತ್ರ ಇದ್ದಲ್ಲೇ ಇರುತ್ತದೆ. ಸ್ನಾಯುವಿನಲ್ಲಿ ಚಟುವಟಿಕೆ ಕಂಡರೂ ಮೈಯನ್ನು ಮೇಲೆತ್ತುವ ಬಲ ಹೊರಡುವುದಿಲ್ಲ. ಬಲ ಹಾಕದೆ, ಪೂರ್ತಿ ಬಗ್ಗದೆ, ಹೆದರಿ ಹೆದರಿ ಮಾಡಿದ ಬಸ್ಕಿಯಿಂದ ತೊಡೆ ಬೆಳೆಯುವುದಾದರೂ ಹೇಗೆ? ಒಲಿಂಪಿಕ್ಸ್‌ನಲ್ಲಿ ಭಾರ ಎತ್ತುವವರ ಬೂಟಿನ ಹಿಮ್ಮಡಿಯನ್ನು ಒಮ್ಮೆ ನೋಡಿ. ಒತ್ತಿದರೆ ತಗ್ಗದ ಗಟ್ಟಿ ವಸ್ತುವಿನಿಂದ ಮಾಡಿರುತ್ತಾರೆ. ಕಾಲು ಕೊಟ್ಟ ಬಲವೆಲ್ಲ ನೆಲಕ್ಕೆ ಇಳಿಯಲಿ, ನಡುವೆ ಎಲ್ಲೂ ಸೋರಿಹೋಗದಿರಲಿ ಎಂದು. 1910ರಲ್ಲಿ ಲಂಡನ್ನಿಗೆ ಹೋಗಿ ಹೆಸರು ಮಾಡಿದ ಗಾಮಾ ಪೈಲ್ವಾನರು ಸಾವಿರಗಟ್ಟಲೆ ಬೈಠಕ್ ಹೊಡೆಯುತ್ತಿದ್ದರೆಂದು ಪ್ರಸಿದ್ಧಿ. ಅವರಿಗೆ ರಬ್ಬರ್ ಗುಮ್ಮಟ ಬೇಕಾಗಿರಲಿಲ್ಲ. ತಾಲೀಮಿನ ಅಖಾಡದಲ್ಲಿ ಮಣ್ಣನ್ನು ಅಗೆದು ಮೆತ್ತಗೆ ಮಾಡುವುದು ಬಿದ್ದವನ ಮೈ ಕಾಯಲು.

ಒಂದು ಮಾತನ್ನು ಮುಚ್ಚಿಡಬಾರದು. ನಾನು ಹೇಳಿದ ಈ ಅಧ್ಯಯನಗಳಲ್ಲಿ ಭಾಗವಹಿಸಿದವರು ಗಟ್ಟಿಮುಟ್ಟಾದ ಗಂಡಸರು, ಕೆಲವೇ ಜನ. ಅಮ್ಮಿಯ ವಯಸ್ಸಿನವರಲ್ಲ. ಆದರೆ ಕಸರತ್ತು ಮಾಡಿ ಪಳಗಿದವರ ಬಲವೇ ಇಷ್ಟು ಕುಸಿಯುವುದಾದರೆ, ಬೀಳುವ ಭಯವಿರುವ 66ರ ಹೆಂಗಸಿನ ಗತಿ ಏನು ಎಂದು ಊಹಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ.

ಅಲುಗಾಡುವ ಸಾಧನಗಳೆಲ್ಲ ಕಸವೆಂದೂ ತಿಳಿಯಬೇಡಿ. ಪಾದದ ಕೀಲು ಉಳುಕಿ ವಾಸಿಯಾದ ಹುಡುಗನಿಗೆ ಮತ್ತೆ ಉಳುಕದಂತೆ ತರಬೇತಿ ಕೊಡಲು ನಾನೇ ಅವುಗಳನ್ನು ಬಳಸುತ್ತೇನೆ. ಸಮತೋಲನ ಕಲಿಸುವುದಕ್ಕೆ ಅವು ಒಳ್ಳೆಯವು. ಆದರೆ ಸಮತೋಲನ ಬೇರೆ, ಬಲ ಬೇರೆ. ಹಿರಿಯರಿಗೆ ಎರಡೂ ಬೇಕು. 65 ದಾಟಿದವರು ವಾರದಲ್ಲಿ ಕನಿಷ್ಠ 3 ದಿನ ಸಮತೋಲನ ಮತ್ತು ಬಲ ಎರಡಕ್ಕೂ ಒತ್ತು ಕೊಡುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನನ್ನ ಅಭಿಪ್ರಾಯದಲ್ಲಿ ಮನೆಯಲ್ಲಿ ಇವೆರಡನ್ನೂ ಬೆರೆಸಬಾರದು. ಬಲಕ್ಕೆ ಗಟ್ಟಿ ನೆಲದ ಬಸ್ಕಿ. ಸಮತೋಲನಕ್ಕೂ ಗಟ್ಟಿ ನೆಲವೇ ಇರಲಿ, ಗೋಡೆಯ ಪಕ್ಕದಲ್ಲಿ ನಿಂತು ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲುವುದು, ಆಮೇಲೆ ಒಂಟಿ ಕಾಲಿನಲ್ಲಿ ಹತ್ತು ಎಣಿಸುವುದು, ಸಾಕು.

ಈಗ ನಿಮ್ಮ ಮನೆಯ ನೆಲಕ್ಕೆ ಬರೋಣ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಶಹಾಬಾದಿ ಫರ್ಸಿ ಕಲ್ಲು ಹಾಸಿರುತ್ತಾರೆ. ನೋಡಲು ಮಂಕು, ಆದರೆ ಬಸ್ಕಿಗೆ ಬರಿಗಾಲಿನಲ್ಲಿ ಅದಕ್ಕಿಂತ ಒಳ್ಳೆಯ ನೆಲ ನನಗೆ ಗೊತ್ತಿಲ್ಲ. ಹೊಸ ಮನೆಗಳ ಹೊಳಪಿನ ಟೈಲ್ಸ್ ಒಣಗಿದ್ದರೆ ಗಟ್ಟಿ ನೆಲವೇ, ಒದ್ದೆಯಾದರೆ ಶತ್ರು. ಟೈಲ್ಸ್ ಮೇಲೆ ಹಾಸಿದ ನುಣುಪು ಜಾನಮಾಝ್ ಸಹ ಜಾರುತ್ತದೆ. ಅದರ ಅಡಿಯಲ್ಲಿ ಹಿಡಿತವಿರುವ ತೆಳು ರಬ್ಬರ್ ಜಾಲರಿ ಹಾಕಿ. ಮೆತ್ತನೆ ಹವಾಯಿ ಚಪ್ಪಲಿ ಹಾಕಿಕೊಂಡು ಬಸ್ಕಿ ಹೊಡೆಯಬೇಡಿ. ಮಂಚದ ಮೇಲೆ, ಗಾದಿಯ ಮೇಲೆ, ಮಡಚಿದ ರಜಾಯಿಯ ಮೇಲೆ ಖಂಡಿತ ಬೇಡ.

ಮಸೀದಿಗಳ ಬಗ್ಗೆಯೂ ಒಂದು ಮಾತು. ಕೆಲವು ಮಸೀದಿಗಳಲ್ಲಿ ಈಗ ಕಾರ್ಪೆಟ್ಟಿನ ಅಡಿಯಲ್ಲಿ ದಪ್ಪ ಫೋಮ್ ಹಾಸುತ್ತಿದ್ದಾರೆ. ಹಿರಿಯರ ಮೊಣಕಾಲಿಗೆ ಹಿತವಾಗಲಿ ಎಂಬುದು ಒಳ್ಳೆಯ ಉದ್ದೇಶ. ಮೊಣಕಾಲು ಊರುವಾಗ ಹಿತವಾಗುವುದೂ ನಿಜ. ಆದರೆ ಸುಜೂದ್‌ನಿಂದ ಏಳುವ ಹೊತ್ತಿಗೆ ಅದೇ ಫೋಮ್ ಪಾದವನ್ನು ಒಳಕ್ಕೆ ಎಳೆದುಕೊಂಡು ಕಣಕಾಲನ್ನು ತೂಗಾಡಿಸುತ್ತದೆ. ಕಾಲಲ್ಲಿ ಬಲ ಕಡಿಮೆಯಿರುವವರು ತಡವರಿಸುವುದು ಆ ಕ್ಷಣದಲ್ಲೇ. ಹನಫಿ ಫಿಕ್‌ಹ್‌ನಲ್ಲಿ ಹತ್ತಿ, ಹುಲ್ಲುಗಳಂಥ ಮೆತ್ತನೆ ವಸ್ತುಗಳ ಮೇಲೆ ಸುಜೂದ್ ಮಾಡುವಾಗ ಹಣೆ ಕೆಳಗಿನ ಗಟ್ಟಿತನವನ್ನು ಮುಟ್ಟಿ ನೆಲೆಗೊಳ್ಳಬೇಕು ಎಂಬ ಚರ್ಚೆ ಇದೆ. ಮಸ್‌ಅಲೆ ಹೇಳುವುದು ಉಲಮಾಗಳ ಕೆಲಸ, ನನ್ನದಲ್ಲ. ಪಾದದ ವಿಷಯದಲ್ಲಿ ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ: ತೆಳುವಾದ, ಒತ್ತಾದ ಹಾಸು ಸಾಕು. ಪ್ರತಿ ಸಫ್‌ನ ತುದಿಯಲ್ಲಿ, ಗೋಡೆಯ ಬಳಿ, ಒಬ್ಬರಿಗೆ ಆಗುವಷ್ಟು ಜಾಗವನ್ನು ಫೋಮ್ ಇಲ್ಲದೆ ಬಿಟ್ಟು, ಗೋಡೆಗೆ ಒಂದು ಹಿಡಿಕೆ ಹಾಕಿಸಿದರೆ ಎಷ್ಟೋ ಹಿರಿಯರು ಕುರ್ಚಿಯಿಲ್ಲದೆ ನಮಾಝ್ ಮಾಡಿಯಾರು. ಮಸೀದಿ ಕಮಿಟಿಯಲ್ಲಿರುವ ಓದುಗರು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಇಡಬೇಕು.

ವುಝೂ ಮಾಡುವ ಜಾಗ ಇದಕ್ಕಿಂತ ಅಪಾಯಕಾರಿ. ಅಲ್ಲಿ ತಗ್ಗಾದ ಕಟ್ಟೆ, ಪಾಚಿ, ಸೋಪಿನ ನೀರು ಮೂರೂ ಒಟ್ಟಿಗೆ ಇರುತ್ತವೆ. ತಗ್ಗಿನ ಕಟ್ಟೆಯಿಂದ ಒದ್ದೆ ಕಾಲಿನಲ್ಲಿ ಏಳುವುದೆಂದರೆ ಜಾರುವ ನೆಲದ ಮೇಲೆ ಒಂದು ಬಸ್ಕಿ ಹೊಡೆದ ಹಾಗೆಯೇ. ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚಿನ ಪಾಲು 60 ದಾಟಿದವರದು. ಸ್ವಚ್ಛತೆ ಎಂದರೆ ನೀರು ಸುರಿದು ತೊಳೆಯುವುದಷ್ಟೇ ಅಲ್ಲ, ತೊಳೆದ ಮೇಲೆ ನೆಲ ಒಣಗಿಸುವುದೂ ಅದರಲ್ಲಿ ಸೇರಿದೆ. ವಾರಕ್ಕೊಮ್ಮೆ ಪಾಚಿ ಉಜ್ಜಿಸಿ, ಅಲ್ಲಿ ಒರಟು ಕಲ್ಲು ಹಾಕಿಸಿ. ಹೊಳಪಿನ ಟೈಲ್ಸ್ ಮನೆಯ ಹಜಾರಕ್ಕೆ ಇರಲಿ.

ಅಮ್ಮಿಗೆ ಆಮೇಲೆ ಏನು ಮಾಡಿಸಿದೆ ಎಂದು ಕೇಳುತ್ತೀರಿ. ಗಾದಿ ಎತ್ತಿಟ್ಟೆ. ಹಳೆಯ ಪಡಸಾಲೆಯಲ್ಲಿ ಇನ್ನೂ ಉಳಿದಿದ್ದ ಫರ್ಸಿಯ ಮೇಲೆ, ಹಿಂದಕ್ಕೆ ಸರಿಯದಂತೆ ಗೋಡೆಗೆ ಆನಿಸಿ, ಕೈಯಿಲ್ಲದ ಮರದ ಕುರ್ಚಿ ಇಟ್ಟೆ. ಎತ್ತರ 17 ಇಂಚು. ಬರಿಗಾಲು, ಪಾದಗಳ ನಡುವೆ ಸೊಂಟದಷ್ಟು ಅಂತರ, ಹಿಮ್ಮಡಿ ಪೂರ್ತಿ ನೆಲಕ್ಕೆ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಏಳುವುದು, ಮೂರು ಎಣಿಸುತ್ತ ನಿಧಾನಕ್ಕೆ ಕೂರುವುದು. ಧೊಪ್ಪನೆ ಕೂತರೆ ಅದು ಲೆಕ್ಕಕ್ಕಿಲ್ಲ, ಏಕೆಂದರೆ ಇಳಿಯುವಾಗಲೂ ತೊಡೆ ದುಡಿಯಬೇಕು. ಏಳುವಾಗ ಉಸಿರು ಬಿಡಬೇಕು, ಉಸಿರು ಕಟ್ಟಿ ಹಿಡಿದರೆ ಬಿಪಿ ಏರುತ್ತದೆ. ಒಂದು ಸರತಿಗೆ 8 ಸಲ, ನಡುವೆ ಎರಡು ನಿಮಿಷ ವಿಶ್ರಾಂತಿ, ಹೀಗೆ ಮೂರು ಸರತಿ, ವಾರಕ್ಕೆ ಮೂರು ದಿನ. ಮೊದಲ ವಾರಗಳಲ್ಲಿ ಎದುರಿಗೆ ಒಬ್ಬರು ನಿಂತಿರುತ್ತಿದ್ದೆವು. ಸುಲಭವಾದಾಗ ಕುರ್ಚಿಯ ಬದಲು ತಗ್ಗಿನ ಸ್ಟೂಲ್ ಇಟ್ಟೆ. ಅದೂ ಸುಲಭವಾದಾಗ ಎದೆಗೆ ಅಪ್ಪಿಕೊಳ್ಳಲು ಎರಡು ಕಿಲೋ ತೊಗರಿಬೇಳೆಯ ಚೀಲ. ಭಾರ ಏರಿಸಿ, ಎತ್ತರ ತಗ್ಗಿಸಿ. ಅಲುಗಾಟವನ್ನು ಮಾತ್ರ ಹೆಚ್ಚಿಸಬೇಡಿ.

ಮರುದಿನ ತೊಡೆಯಲ್ಲಿ ಬರುವ ಮಂದ ನೋವಿಗೆ ಹೆದರಬೇಕಿಲ್ಲ. ಆದರೆ ಮೊಣಕಾಲು ಊದಿಕೊಂಡರೆ, ಸಿಕ್ಕಿಕೊಂಡಂತಾದರೆ, ಎದೆನೋವು ಅಥವಾ ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ಕೀಲು ಬದಲಿಸಿಕೊಂಡವರು, ಹತೋಟಿಗೆ ಬಾರದ ಬಿಪಿ ಇರುವವರು, ಈಚೆಗೆ ಆಪರೇಷನ್ ಆದವರು ಕೇಳಿಯೇ ಶುರು ಮಾಡಬೇಕು.

ನಿಮ್ಮ ಮನೆಯವರ ಕಾಲಿನ ಬಲ ಎಷ್ಟಿದೆ ಎಂದು ತಿಳಿಯಲು ಇದೇ ಕುರ್ಚಿ ಸಾಕು. ಕೈ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಿ. ಈ ಪರೀಕ್ಷೆ 1999ರಿಂದ ಬಳಕೆಯಲ್ಲಿದೆ. 60ರಿಂದ 64ರ ವಯಸ್ಸಿನಲ್ಲಿ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. 65ರಿಂದ 69ರವರೆಗೆ ಗಂಡಸರಿಗೆ 12, ಹೆಂಗಸರಿಗೆ 11. ಲೆಕ್ಕ ಅಮೆರಿಕದವರದು, ನಮ್ಮ ಹಳ್ಳಿಯ ಹಿರಿಯರಿಗೆ ಅಂಕಿ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು. ಆದರೂ ಐದಕ್ಕೋ ಆರಕ್ಕೋ ನಿಂತುಹೋದರೆ ನೀವು ತಡ ಮಾಡುವಂತಿಲ್ಲ.

ಅಮ್ಮಿ ಶುರು ಮಾಡಿದಾಗ 6 ಸಲ ಎದ್ದಿದ್ದರು. ಆರನೆಯ ಸಲ ಕೈ ಊರಿದ್ದರು, ಅದನ್ನು ನಾನು ಎಣಿಸಿದ್ದೆ, ಮಗಳಲ್ಲವೇ. ಈಗ ಅವರಿಗೆ 68. ಹೋದ ತಿಂಗಳು ಕೊಹಿನೂರಿಗೆ ಹೋದಾಗ ಮೊಬೈಲಿನಲ್ಲಿ ಸೆಕೆಂಡ್ ಇಟ್ಟು ಎಣಿಸಿದೆ, 10 ಆಯಿತು. ಇನ್ನೂ ಒಂದು ಬಾಕಿ ಇದೆ ಎಂದೆ. ಫಜ್ರ್ ಮತ್ತು ಮಗ್ರಿಬ್ ಈಗ ಕುರ್ಚಿಯಿಲ್ಲದೆ ಮಾಡುತ್ತಾರೆ. ಇಶಾದ ಹೊತ್ತಿಗೆ ದಣಿವಾಗಿ ಕುರ್ಚಿ ಎಳೆದುಕೊಳ್ಳುತ್ತಾರೆ. ಭಾಂಜಾ ತಂದಿದ್ದ ರಬ್ಬರ್ ಗುಮ್ಮಟ ಹಿತ್ತಲಲ್ಲಿದೆ, ಮರಿಕೋಳಿಗಳನ್ನು ಕವುಚಿ ಹಾಕುವ ಬುಟ್ಟಿಯ ಮೇಲೆ, ಬೆಕ್ಕು ಎತ್ತದಂತೆ ಭಾರಕ್ಕೆ.